ಟಿಪ್ಪಣಿ: ಹೋಗದ ಕರೆಂಟಿಗೆ ಮನೆಯವರು ಎಷ್ಟು ಬೆಲೆ ಕಟ್ಟುತ್ತಾರೆ?

ಒಂದು ಯೂನಿಟ್ಟಿನ ದರ ಬೇರೆ, ಕರೆಂಟ್ ಹೋಗದೆ ಇರೋದರ ಬೆಲೆ ಬೇರೆ. ಇದು ಮೊದಲು ತಲೆಗೆ ಹೋಗಬೇಕು. ದರ ಬಿಲ್ಲಿನಲ್ಲೇ ಇರುತ್ತದೆ. ಇನ್ನೊಂದನ್ನು ಹುಡುಕಬೇಕು. ಅದಕ್ಕೆ ಎರಡು ದಾರಿ: ಜನ ಈಗಾಗಲೇ ಮಾಡಿದ ಖರ್ಚು ನೋಡೋದು, ಇಲ್ಲಾ ಅವರನ್ನೇ ಕೇಳೋದು.

ಮೊದಲನೆಯದು ರಿವೀಲ್ಡ್ ಪ್ರಿಫರೆನ್ಸ್. ಧಾರವಾಡದ ನಮ್ಮ ಮನೆಯದೇ ಲೆಕ್ಕ ಹಾಕಿದೆ. ಇನ್ವರ್ಟರು, 150 ಎಎಚ್ ಬ್ಯಾಟರಿ ಸೇರಿ 24,000 ರೂಪಾಯಿ. ಐದು ವರ್ಷ ಬಾಳಿಕೆ ಹಿಡಿದರೆ ತಿಂಗಳಿಗೆ 400. ತಿಂಗಳಲ್ಲಿ 20 ತಾಸು ಕರೆಂಟ್ ಹೋಯಿತು ಅಂದುಕೊಳ್ಳಿ, ಆಗ ಎರಡು ಫ್ಯಾನು, ನಾಲ್ಕು ಎಲ್‌ಇಡಿ ಬಲ್ಬು, ವೈಫೈ ಎಲ್ಲಾ ಸೇರಿ ಸುಮಾರು 200 ವ್ಯಾಟ್, ಅಂದರೆ 4 ಯೂನಿಟ್. ಯೂನಿಟ್ಟಿಗೆ 100 ರೂಪಾಯಿ ಬಿತ್ತು! ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್, ಚಾರ್ಜಿಂಗ್ ಖರ್ಚು ಇದರಲ್ಲಿ ಸೇರಿಲ್ಲ. ಬಿಲ್ಲಿನ ದರ ಆರು ರೂಪಾಯಿ ಆಸುಪಾಸು.

ಆದರೆ ಈ 100 ಪೂರ್ತಿ ಬೆಲೆ ಅಲ್ಲ, ಕನಿಷ್ಠ ಬೆಲೆ. ನಮ್ಮ ಇನ್ವರ್ಟರು ನೀರಿನ ಮೋಟಾರ್ ಎಳೆಯೋದಿಲ್ಲ, ಆ ನಷ್ಟ ಹಾಗೇ ಉಳಿಯುತ್ತದೆ. ಇನ್ವರ್ಟರ್ ಕೊಳ್ಳೋಕೆ ದುಡ್ಡೇ ಇಲ್ಲದ ಮನೆ ಈ ಲೆಕ್ಕಕ್ಕೆ ಬರೋದೇ ಇಲ್ಲ. ಬೆಟಗೇರಿಯಲ್ಲಿ ಮನೆಯಲ್ಲೇ ಪವರ್‌ಲೂಮ್ ಇಟ್ಟವರಿಗೆ ಕರೆಂಟ್ ಹೋದರೆ ಆ ಹೊತ್ತಿನ ದುಡಿಮೆಯೇ ನಿಲ್ಲುತ್ತದೆ. ಇನ್ವರ್ಟರ್ ಇಲ್ಲ ಅಂದ ಮಾತ್ರಕ್ಕೆ ಅವರಿಗೆ ಬೇಕಿಲ್ಲ ಅಂತ ಬರೆದರೆ ದೊಡ್ಡ ತಪ್ಪು.

ಈಗ ಕೇಳುವ ದಾರಿ, ಕಂಟಿಂಜೆಂಟ್ ವ್ಯಾಲ್ಯುಯೇಶನ್. ಪಕ್ಕದ ಮನೆ ಕಾಕುಗೆ ಕೇಳಿದೆ: “ಕಾಕು, ಕರೆಂಟ್ ಹೋಗಂಗೇ ಇಲ್ಲ ಅಂದ್ರ ತಿಂಗಳಿಗೆ 100 ರೂಪಾಯಿ ಜಾಸ್ತಿ ಕೊಡ್ತೀರೇನು?”

“ನಾ ಯಾಕ ಕೊಡ್ಲಪಾ? ಕರೆಂಟ್ ಕೊಡೋದು ಅವರ ಕೆಲಸ ಅಲ್ಲೇನು?”

ಇದನ್ನು ಸೊನ್ನೆ ಅಂತ ಬರೆದುಕೊಳ್ಳಬೇಡಿ. ಇದು ಪ್ರೊಟೆಸ್ಟ್ ಝೀರೋ. ಅವರು ಹೇಳಿದ್ದು ‘ಬೇಡ’ ಅಂತಲ್ಲ, ‘ಅದು ನನ್ನ ಹಕ್ಕು’ ಅಂತ. ಇನ್ನೊಂದು ವಿಷಯ, ನಮ್ಮ ಕಡೆ ಸರ್ವೆ ಮಾಡುವವರು ಮರೆಯಬಾರದು. 2023ರ ಆಗಸ್ಟಿನಿಂದ ಗೃಹಜ್ಯೋತಿ ಇದೆ, 200 ಯೂನಿಟ್ ಒಳಗೆ, ಹಿಂದಿನ ಸರಾಸರಿಯ ಮೇಲೆ ಸ್ವಲ್ಪ ಸೇರಿಸಿ ಅಷ್ಟರವರೆಗೆ ಬಿಲ್ ಸೊನ್ನೆ. ಸೊನ್ನೆ ಬಿಲ್ಲಿನ ಮನೆಗೆ ನಿಮ್ಮ 100 ರೂಪಾಯಿ ‘ಸ್ವಲ್ಪ ಜಾಸ್ತಿ’ ಅಲ್ಲ, ಹೊಸ ಬಿಲ್ಲೇ.

ಪ್ರಶ್ನೆ ಬದಲಿಸಿದೆ. ಹುಬ್ಬಳ್ಳಿ-ಧಾರವಾಡದ ಎಷ್ಟೋ ಓಣಿಗಳಲ್ಲಿ ನಲ್ಲಿ ನೀರು ಬರೋದು ಹಲವು ದಿನಕ್ಕೊಮ್ಮೆ. ಕಾಕು ಮನೆಯ ಸಂಪು ಸಣ್ಣದು. ನೀರು ಬಿಟ್ಟಾಗಲೇ ಮೋಟಾರ್ ಹಚ್ಚಿ ಮೇಲಿನ ಟ್ಯಾಂಕಿಗೆ ಏರಿಸುತ್ತಾ ಹೋದರೆ ಮಾತ್ರ ಮುಂದಿನ ಪಾಳಿವರೆಗೆ ಸಾಲುತ್ತದೆ. “ನೀರು ಬಿಡೋ ದಿನ ಎರಡು ತಾಸು ಕರೆಂಟ್ ಹೋಗಂಗಿಲ್ಲ ಅಂದ್ರ?” ಅಂದೆ.

“ಹಂಗಾದ್ರ 50 ಕೊಡ್ತೀನಿ ನೋಡು. ಬಾಕಿ ದಿನ ಮಧ್ಯಾಹ್ನ ಹೋದ್ರ ಹೋಗ್ಲಿ, ಮೊದಲ ಹೇಳಿದ್ರ ಸಾಕು.”

ಚಾಯ್ಸ್ ಎಕ್ಸ್‌ಪೆರಿಮೆಂಟ್ ಮಾಡೋದು ಇದನ್ನೇ. ಯಾವ ಹೊತ್ತು, ಎಷ್ಟು ತಾಸು, ಮುಂಚೆ ತಿಳಿಸಿದ್ದರಾ, ಬಿಲ್ ಎಷ್ಟು ಅಂತ ಬೇರೆ ಬೇರೆ ಜೋಡಣೆ ಮುಂದಿಟ್ಟು ಆರಿಸೋಕೆ ಹೇಳುತ್ತಾರೆ. ಗ್ರಾಹಕರಿಗೆ ವರ್ಷಕ್ಕೆ ಸರಾಸರಿ ಎಷ್ಟು ಹೊತ್ತು ಕರೆಂಟ್ ಇರಲಿಲ್ಲ ಅಂತ ಹೇಳುವ ಸೈಡಿ ಸೂಚ್ಯಂಕದಲ್ಲಿ ಈ ವ್ಯತ್ಯಾಸ ಕಾಣೋದಿಲ್ಲ. ನೀರಿನ ದಿನದ ಎರಡು ತಾಸೂ ಅಲ್ಲಿ 120 ನಿಮಿಷ, ಎಲ್ಲರೂ ಕೆಲಸಕ್ಕೆ ಹೋದ ಮಧ್ಯಾಹ್ನದ ಎರಡು ತಾಸೂ 120 ನಿಮಿಷ. ಹಾಗಾಗಿ ಪ್ರಶ್ನಾವಳಿ ಮಾಡುವಾಗ ‘ಎಷ್ಟು ತಾಸು ಹೋಗುತ್ತದೆ’ ಅನ್ನೋದರ ಪಕ್ಕದಲ್ಲೇ ‘ನಿಮ್ಮ ಓಣಿಗೆ ನೀರು ಯಾವಾಗ ಬಿಡುತ್ತಾರೆ’ ಅಂತಲೂ ಸೇರಿಸಿ.