ತಣ್ಣಗಿನ ಕೈ, ಕೆಂಪು ಗುರುತು

ಡಿಸೆಂಬರಿನಲ್ಲಿ ಮೂಡಿಗೆರೆ ಕಡೆಯಿಂದ ಮೊದಲ ಬಸ್ಸು ಹಿಡಿದು ಚಿಕ್ಕಮಗಳೂರಿಗೆ ಬಂದವರ ಕೈಯನ್ನು ಹಾಗೇ ಟೇಬಲ್ ಮೇಲಿಟ್ಟು, ನರದಲ್ಲಿ ಸಂದೇಶ ಹರಿಯುವ ವೇಗ ಅಳೆಯುವ ಎನ್‌ಸಿವಿ ಮಾಡಿದರೆ, ಗಟ್ಟಿಮುಟ್ಟಾದ ನರವೂ ರೋಗ ಹಿಡಿದಂತೆ ಕಾಣಬಹುದು.

ಈ ಕರೆಂಟ್ ಟೆಸ್ಟಿನಲ್ಲಿ ಮಣಿಕಟ್ಟಿಗೊಮ್ಮೆ, ಮೊಣಕೈಗೊಮ್ಮೆ ಸಣ್ಣ ಶಾಕ್ ಕೊಟ್ಟು, ಹೆಬ್ಬೆರಳ ಬುಡದ ಸ್ನಾಯು ಎಷ್ಟು ಹೊತ್ತಿಗೆ ಸ್ಪಂದಿಸಿತೆಂದು ನೋಡುತ್ತಾರೆ. ನಡುವಿನ ದೂರವನ್ನು ಟೇಪಿನಲ್ಲಿ ಅಳೆದು, ಎರಡು ಸಮಯಗಳ ವ್ಯತ್ಯಾಸದಿಂದ ಭಾಗಿಸಿದರೆ ವೇಗ ಸಿಕ್ಕಿತು. 1850ರಲ್ಲಿ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದ ಮೇಲೆ ಹೂಡಿದ ಉಪಾಯವೂ ಇದೇ. ನರದ ವೇಗವನ್ನು ಅಳೆಯುವುದು ಆಗದ ಮಾತು ಎಂದು ಅವನ ಗುರು ಯೋಹಾನೆಸ್ ಮ್ಯೂಲರ್ ನಂಬಿದ್ದರು. ಶಿಷ್ಯನಿಗೆ ಸಿಕ್ಕಿದ್ದು ಸೆಕೆಂಡಿಗೆ ಸುಮಾರು 27 ಮೀಟರ್!

ನಮ್ಮ ಕೈಯಲ್ಲಿ ಸೆಕೆಂಡಿಗೆ 50, ಕಾಲಿನಲ್ಲಿ 40 ಮೀಟರ್ ದಾಟಿದರೆ ಸರಿ ಎನ್ನುವುದು ರೂಢಿ. ಆದರೆ ಚರ್ಮ ಒಂದು ಡಿಗ್ರಿ ತಣ್ಣಗಾದರೆ ವೇಗ ಹೆಚ್ಚುಕಡಿಮೆ 2 ಮೀಟರ್ ಇಳಿಯುತ್ತದೆ. 32 ಡಿಗ್ರಿ ಸೆಲ್ಸಿಯಸ್ ಇರಬೇಕಾದ ಕೈ 27ರಲ್ಲಿದ್ದರೆ 55ರ ನರ 45 ತೋರಿಸುತ್ತದೆ. ಕಾರಣ ನರತಂತುವಿನ ಪೊರೆಯಲ್ಲಿ ಸೋಡಿಯಂ ಒಳಬಿಡುವ ಪುಟ್ಟ ಬಾಗಿಲುಗಳು. ಚಳಿಗೆ ಅವು ತಡವಾಗಿ ತೆರೆಯುತ್ತವೆ, ಮುಚ್ಚುವುದಂತೂ ಇನ್ನೂ ತಡ. ಹಾಗಾಗಿ ಸಂದೇಶ ನಿಧಾನವಾಗುತ್ತದೆ, ಆದರೆ ಒಳನುಗ್ಗುವ ಸೋಡಿಯಂ ಹೆಚ್ಚಿ ಮೆಷಿನ್ನಿನ ಪರದೆಯ ಮೇಲೆ ಕಾಣುವ ಅಲೆ ಎತ್ತರವಾಗುತ್ತದೆ. ಕಾಯಿಲೆ ಬಿದ್ದ ನರದಲ್ಲಿ ಅಲೆ ಹೀಗೆ ಏರುವುದಿಲ್ಲ. ಅನುಭವಿ ಕಣ್ಣು ಇಷ್ಟರಲ್ಲೇ ಚಳಿಯ ಕಿತಾಪತಿ ಹಿಡಿಯುತ್ತದೆ. ಬಿಸಿನೀರಲ್ಲಿ ಕೈ ಅದ್ದಿಸಿ ಮತ್ತೆ ಅಳೆದರಾಯಿತು.

ಬಿಸಿನೀರಿನಿಂದ ಬಗೆಹರಿಯದ್ದೂ ಇದೆ. ಎತ್ತರದವರ ಕಾಲಿನ ನರ ನಿಧಾನ. ಅರವತ್ತು ದಾಟಿದವರದೂ ಅಷ್ಟೇ. ದಪ್ಪ ಬೆರಳಿನಲ್ಲಿ ಸ್ಪರ್ಶನರದ ಅಲೆ ಗಿಡ್ಡ. ಹಾಗಿರುವಾಗ ‘ಇಷ್ಟಿದ್ದರೆ ಸರಿ’ ಎನ್ನುವ ಯಾವುದೋ ದೇಶದ ಪಠ್ಯಪುಸ್ತಕದ ಗಡಿಯನ್ನೋ ಮೆಷಿನ್ನಿನ ಜೊತೆಗೇ ಬಂದ ಗಡಿಯನ್ನೋ ಹಾಸನ, ಚಿಕ್ಕಮಗಳೂರಿನ ಜನರ ಮೇಲೆ ಹೇರುವುದು ನನಗೆ ಒಪ್ಪಿಗೆಯಿಲ್ಲ. ನಮ್ಮವರನ್ನೇ ಅಳೆದು ಗಡಿ ಹಾಕಬೇಕು.

ಅಳೆಯುವುದಕ್ಕಿಂತ ಆರೋಗ್ಯವಂತರನ್ನು ಆರಿಸುವುದೇ ಕಷ್ಟ. ಸಕ್ಕರೆ ಕಾಯಿಲೆ, ಥೈರಾಯ್ಡ್, ಬಿ12 ಕೊರತೆ, ಕುಡಿತ ಇದ್ದವರು ಬೇಡ. ಮೊಣಕೈ ಒಳಬದಿಯ ನರವನ್ನು ಬೆರಳಲ್ಲಿ ಒತ್ತಿ ನೋಡಬೇಕು. ದಪ್ಪಗಿದ್ದರೆ ಕುಷ್ಠದ ಅನುಮಾನ. ಕೈಗೆ ಸಿಕ್ಕರೆಂದು ಮೆಡಿಕಲ್ ವಿದ್ಯಾರ್ಥಿಗಳನ್ನಷ್ಟೇ ಕೂರಿಸಿದರೆ ಎಳೆಯರ ಗಡಿ ಅಜ್ಜಂದಿರ ತಲೆಗೆ ಬೀಳುತ್ತದೆ. ರೋಗಿಯ ಜೊತೆ ಬಂದ ಅಣ್ಣತಮ್ಮಂದಿರೂ ಬೇಡ, ಕೆಲವು ನರರೋಗ ವಂಶದಲ್ಲೇ ಹರಿಯುತ್ತವೆ.

ಇಷ್ಟೆಲ್ಲ ಮಾಡಿ, ಆ ಆರೋಗ್ಯವಂತರಲ್ಲೇ ತೀರಾ ಅಂಚಿನ 2.5 ಶೇಕಡಾ ಜನರನ್ನು ಹೊರಗಿಟ್ಟು ಗೆರೆ ಎಳೆದರೂ ಒಂದು ತೊಡಕು ಉಳಿಯುತ್ತದೆ. ಒಬ್ಬರಲ್ಲಿ ಹತ್ತು ಅಳತೆ ತೆಗೆದರೆ, ಅವು ಒಂದಕ್ಕೊಂದು ಸಂಬಂಧವಿಲ್ಲದವು ಅಂದುಕೊಂಡರೆ, ಏನೂ ಆಗದವರಲ್ಲೂ ಶೇಕಡಾ 22 ಮಂದಿಗೆ ಒಂದಾದರೂ ಅಂಕಿ ಗೆರೆಯಾಚೆ ಬೀಳುತ್ತದೆ. ರಿಪೋರ್ಟಿನಲ್ಲಿ ಆ ಅಂಕಿಗೆ ಬಿದ್ದ ಒಂದೇ ಕೆಂಪು ಗುರುತು ನೋಡಿ ಹೆದರಿ, ‘ನರ ದೌರ್ಬಲ್ಯಕ್ಕೆ ಗ್ಯಾರಂಟಿ ಔಷಧ’ ಎಂಬ ಗೋಡೆಬರಹದ ನಂಬರಿಗೆ ಫೋನ್ ಮಾಡುವವರು ಈಗಲೂ ಇದ್ದಾರೆ. ಆ ಪುಡಿ ಮಾರುವವನ ಬಳಿ ಥರ್ಮಾಮೀಟರೂ ಇಲ್ಲ, ಟೇಪೂ ಇಲ್ಲ.