ಹತ್ತನೇ ದಿನ ಮೂತ್ರ ಕೆಂಪಾದರೆ

ಪಿಸಿಎನ್‌ಎಲ್ ಎಂಬ ಕಿಡ್ನಿ ಕಲ್ಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ದಾವಣಗೆರೆಯಿಂದ ಜಗಳೂರಿಗೋ ಚನ್ನಗಿರಿಗೋ ಮರಳಿದವರಿಗೆ ವಾರ ಕಳೆದ ಮೇಲೆ ಮೂತ್ರ ಕೆಂಪಗೆ ಹೋದರೆ, ಮನೆಯಲ್ಲಿ ಮೊದಲು ಕೇಳಿಬರುವ ಮಾತು: "ಉಷ್ಣ ಆಗೈತೆ, ಎಳನೀರು ಕುಡಿ." ಈ ಮಾತು ಕೆಲವೊಮ್ಮೆ ಪ್ರಾಣಕ್ಕೇ ಕುತ್ತು ತರುತ್ತದೆ.

ಬೆನ್ನಿನ ಕಡೆಯಿಂದ ಸೂಜಿ ಹಾಕಿ, ಆ ದಾರಿಯನ್ನು ಹಿಗ್ಗಿಸಿ, ಕಲ್ಲನ್ನು ಒಡೆದು ತೆಗೆಯುವುದೇ ಪಿಸಿಎನ್‌ಎಲ್. ದಾರಿಯ ಅಗಲವನ್ನು ಫ್ರೆಂಚ್ ಅಳತೆಯಲ್ಲಿ ಹೇಳುತ್ತಾರೆ. 30 ಫ್ರೆಂಚ್ ಎಂದರೆ 10 ಮಿ.ಮೀ. ಹೊರಗಿನ ಗಾಯ ಅಷ್ಟೇ. ಆದರೆ ಎರಡು ಕಿಡ್ನಿಗಳಿಗೂ ಸೇರಿ ನಿಮಿಷಕ್ಕೆ 1 ಲೀಟರಿಗೂ ಹೆಚ್ಚು ರಕ್ತ ಹರಿಯುತ್ತದೆ. ಕಿಡ್ನಿಯೊಳಗೆ ಮೂತ್ರ ಇಳಿಯುವ ಪುಟ್ಟ ಬಟ್ಟಲುಗಳಿವೆ. ಸೂಜಿ ಬಟ್ಟಲಿನ ತುದಿಯ ನಡುಮಧ್ಯದಲ್ಲಿ ಹೊಕ್ಕರೆ ದೊಡ್ಡ ರಕ್ತನಾಳ ಅಡ್ಡ ಬರುವುದು ಕಡಿಮೆ. ಬಟ್ಟಲಿನ ಕುತ್ತಿಗೆಗೆ ಚುಚ್ಚಿದರೆ ಪಕ್ಕದ ಅಪಧಮನಿ (ಹೃದಯದಿಂದ ರಕ್ತ ತರುವ ನಾಳ) ಸೀಳಬಹುದು.

ರಕ್ತವನ್ನು ಹೃದಯಕ್ಕೆ ಮರಳಿಸುವ ಅಭಿಧಮನಿಯ ರಕ್ತಸ್ರಾವಕ್ಕೆ ಒತ್ತಡ ಕಡಿಮೆ. ಶಸ್ತ್ರಚಿಕಿತ್ಸೆಯ ನಂತರ ಬೆನ್ನಿನಲ್ಲಿ ಬಿಟ್ಟ ಟ್ಯೂಬನ್ನು ಸ್ವಲ್ಪ ಹೊತ್ತು ಮುಚ್ಚಿಟ್ಟರೆ ಸಾಮಾನ್ಯವಾಗಿ ನಿಲ್ಲುತ್ತದೆ. ಅಪಧಮನಿಯದ್ದು ಹಾಗಲ್ಲ. ಸೀಳಿದ ಕಡೆ ಹೆಪ್ಪು ಕಟ್ಟಿ ಅಂದಿಗೆ ಎಲ್ಲ ಸರಿಹೋದಂತೆ ಕಾಣುತ್ತದೆ, ಆದರೆ ಒಳಗೆ ರಕ್ತ ನುಗ್ಗಿ ನುಗ್ಗಿ ತೆಳುಗೋಡೆಯ ಗುಳ್ಳೆಯೊಂದು ಬೆಳೆಯುತ್ತದೆ. ಒಂದರಿಂದ ಮೂರು ವಾರದೊಳಗೆ ಹೆಪ್ಪು ಕರಗಿ, ಗುಳ್ಳೆ ಮೂತ್ರದ ದಾರಿಗೆ ಒಡೆಯಬಹುದು. ಇದು ಆಗುವುದು ಅಪರೂಪ, ಆದರೆ ಆದಾಗ ರೋಗಿ ಮನೆಯಲ್ಲಿರುತ್ತಾರೆ.

ಮೂತ್ರವನ್ನು ಪಾರದರ್ಶಕ ಬಾಟಲಿಯಲ್ಲಿ ಹಿಡಿದು ಬೆಳಕಿಗೆ ಒಡ್ಡಿ ನೋಡಿ. ಒಳಗೆ ಸ್ಟೆಂಟ್ (ಮೂತ್ರ ಸರಾಗ ಇಳಿಯಲು ಇಟ್ಟ ಸಣ್ಣ ಕೊಳವೆ) ಇದ್ದಾಗ ಹೆಚ್ಚು ಓಡಾಡಿದರೆ ತಿಳಿಗುಲಾಬಿ ಬಣ್ಣ ಬರುವುದುಂಟು. ನೀರು ಕುಡಿದು ಮಲಗಿದರೆ ತಿಳಿಯಾಗುತ್ತದೆ. ಬಾಟಲಿಯಾಚೆ ಏನೂ ಕಾಣದಷ್ಟು ಕೆಂಪಿದ್ದರೆ, ಎರೆಹುಳುವಿನಂಥ ಉದ್ದನೆಯ ಹೆಪ್ಪು ಬಿದ್ದರೆ, ಮೂತ್ರ ಕಟ್ಟಿದರೆ, ತಲೆ ಸುತ್ತಿದರೆ ತಡಮಾಡದೆ ಹೊರಡಿ.

ಆಸ್ಪತ್ರೆಯಲ್ಲಿ ಸಿಟಿ ಆಂಜಿಯೋಗ್ರಾಂನಲ್ಲಿ ಗುಳ್ಳೆ ಪತ್ತೆಯಾದರೆ, ತೊಡೆಸಂದಿನ ಅಪಧಮನಿಯಿಂದ ಸಣ್ಣ ನಳಿಕೆ ತೂರಿಸಿ, ಸೀಳಿದ ಕವಲಿಗೆ ಮಾತ್ರ ಲೋಹದ ಸುರುಳಿ ಕೂರಿಸಿ ಅದನ್ನು ಮುಚ್ಚುತ್ತಾರೆ. ಕಿಡ್ನಿಯ ಅಪಧಮನಿ ಕವಲುಗಳು ಒಂದಕ್ಕೊಂದು ಕೂಡಿಕೊಳ್ಳುವುದಿಲ್ಲ. ಮುಚ್ಚಿದ ಕವಲು ಸಾಕುತ್ತಿದ್ದ ಭಾಗ ಸಾಯುತ್ತದೆ. ಆದ್ದರಿಂದ ಸೀಳಿನ ಹತ್ತಿರಕ್ಕೆ ಹೋದಷ್ಟೂ ಕಿಡ್ನಿ ಹೆಚ್ಚು ಉಳಿಯುತ್ತದೆ. ಈ ಸೌಲಭ್ಯ ಎಲ್ಲಿದೆ ಎಂದು ಡಿಸ್ಚಾರ್ಜ್ ದಿನವೇ ಕೇಳಿಟ್ಟುಕೊಳ್ಳಿ. ಹೃದ್ರೋಗಕ್ಕೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಅಥವಾ ಕ್ಲೊಪಿಡೋಗ್ರೆಲ್ ಮಾತ್ರೆ ನುಂಗುವವರು ಅದನ್ನು ಮತ್ತೆ ಯಾವಾಗ ಶುರು ಮಾಡಬೇಕೆಂಬುದನ್ನೂ ಕೇಳಬೇಕು.

ಮೂತ್ರ ಒಮ್ಮೆ ಕೆಂಪಾಗಿ, ಮರುದಿನ ತಿಳಿಯಾಯಿತೆಂದು ಸುಮ್ಮನಾಗಬೇಡಿ. ಸುರಿದು ನಿಂತು ಮತ್ತೆ ಸುರಿಯುವುದೇ ಈ ಗುಳ್ಳೆಯ ಗುಣ.