ಮೊಟ್ಟೆ ಬೇಯಲು ಎಷ್ಟು ರಾತ್ರಿ ಬೇಕು?

ಡಿಸೆಂಬರ್ 25ರ ಬೆಳಿಗ್ಗೆ ಮಿನೆಸೋಟದ ನಮ್ಮ ಮನೆಯಲ್ಲಿ ಹತ್ತು ಹನ್ನೆರಡು ಜನ ಇರುತ್ತಾರೆ. ಊರಿಗೆಲ್ಲ ರಜೆ, ಹೋಟೆಲುಗಳೂ ಮುಚ್ಚಿರುತ್ತವೆ. ಅಕ್ಕನ ಮನೆಯವರು ಷಿಕಾಗೋದಿಂದ ಆರೇಳು ಗಂಟೆ ಕಾರು ಓಡಿಸಿಕೊಂಡು ಹಿಂದಿನ ಸಂಜೆಯೇ ಬಂದಿರುತ್ತಾರೆ. ಆ ಚಳಿಯಲ್ಲಿ ಇಡ್ಲಿ ಹಿಟ್ಟು ಉಬ್ಬಿಸುವುದೇ ಒಂದು ಕೆಲಸ. ಉಬ್ಬಿದರೂ ಹನ್ನೆರಡು ಜನಕ್ಕೆ ಇಡ್ಲಿ ಬೇಯಿಸುತ್ತ ನಿಂತರೆ ಹಬ್ಬ ಅಡುಗೆಮನೆಯಲ್ಲೇ ಕಳೆದುಹೋಗುತ್ತದೆ. ಹಾಗಾಗಿ ಇಲ್ಲಿಯವರ ದಾರಿಯನ್ನೇ ನಾವೂ ಹಿಡಿದೆವು. ಕ್ರಿಸ್‌ಮಸ್ ಬೆಳಿಗ್ಗೆ ಮಕ್ಕಳು ಉಡುಗೊರೆ ಬಿಚ್ಚುವ ಹೊತ್ತಿಗೆ ತಿಂಡಿ ತಾನಾಗಿ ಸಿದ್ಧವಾಗಿರಲಿ ಎಂದು ಅಮೆರಿಕದ ಎಷ್ಟೋ ಮನೆಗಳಲ್ಲಿ ಹಿಂದಿನ ರಾತ್ರಿಯೇ ಸ್ಲೋ ಕುಕ್ಕರಿನಲ್ಲಿ, ಅಂದರೆ ಗಂಟೆಗಟ್ಟಲೆ ನಿಧಾನವಾಗಿ ಬೇಯಿಸುವ ವಿದ್ಯುತ್ ಪಾತ್ರೆಯಲ್ಲಿ, ಮೊಟ್ಟೆಯ ಕ್ಯಾಸರೋಲ್ ಇಟ್ಟು ಮಲಗುತ್ತಾರೆ. ಕ್ಯಾಸರೋಲ್ ಎಂದರೆ ಇಲ್ಲಿ ಎಲ್ಲವನ್ನೂ ಒಂದೇ ಪಾತ್ರೆಗೆ ಸುರಿದು ಬೇಯಿಸುವ ಅಡುಗೆ. ಹನ್ನೆರಡು ಮೊಟ್ಟೆ, ಒಂದು ಕಪ್ ಹಾಲು, ಹ್ಯಾಶ್ ಬ್ರೌನ್ ಎಂದು ಮಾರುವ ತುರಿದ ಆಲೂಗಡ್ಡೆಯ ಒಂದು ದೊಡ್ಡ ಪ್ಯಾಕೆಟ್, ಚೆಡ್ಡಾರ್ ಚೀಸ್, ಈರುಳ್ಳಿ, ದಪ್ಪ ಮೆಣಸಿನಕಾಯಿ. ಹೆಚ್ಚಿನವರು ಹುರಿದ ಸಾಸೇಜನ್ನೂ ಸೇರಿಸುತ್ತಾರೆ, ನಾವು ಸೇರಿಸುವುದಿಲ್ಲ.

ಕೇಳಲು ಇದಕ್ಕಿಂತ ಸುಲಭದ ಅಡುಗೆ ಇಲ್ಲ. ಆದರೆ ಮೊದಲ ವರ್ಷ ರಾತ್ರಿ ಹತ್ತಕ್ಕೆ ಎಲ್ಲ ಸುರಿದು, ಗುಂಡಿಯನ್ನು ‘ಲೋ’ಗೆ ತಿರುಗಿಸಿ ಮಲಗಿದವಳು ಎಂಟಕ್ಕೆ ಎದ್ದು ಮುಚ್ಚಳ ತೆಗೆದಾಗ ಕಂಡದ್ದು ಬೇರೆಯೇ. ಅಂಚು ಕಂದಿ ರಬ್ಬರಿನಂತಾಗಿತ್ತು. ನಡುಭಾಗ ಸ್ಪಂಜಿನ ಹಾಗೆ ತೂತುತೂತಾಗಿ, ಚಮಚ ಒತ್ತಿದಲ್ಲೆಲ್ಲ ತೆಳು ಹಳದಿ ನೀರು ಒಸರುತ್ತಿತ್ತು. ಮೇಲ್ಮೈಗೆ ಬೂದು ಹಸಿರು ಛಾಯೆ ಬಂದಿತ್ತು. ಇಷ್ಟಾದರೂ ಆಲೂಗಡ್ಡೆಯ ಕೆಲವು ಎಳೆಗಳು ಹಲ್ಲಿಗೆ ಕರುಂ ಎನ್ನುತ್ತಿದ್ದವು. ಆ ವರ್ಷ ಪ್ಯಾಕೆಟ್ ತರುವ ಬದಲು ಹಸಿ ಆಲೂಗಡ್ಡೆಯನ್ನು ನಾನೇ ತುರಿದು ಹಾಕಿದ್ದೆ. ಒಂದೇ ಪಾತ್ರೆಯಲ್ಲಿ, ಒಂದೇ ಉರಿಯಲ್ಲಿ, ಒಂದು ಪದಾರ್ಥ ಬೆಂದು ಮುರುಟಿತ್ತು, ಇನ್ನೊಂದು ಹಸಿಯಾಗಿಯೇ ಉಳಿದಿತ್ತು. ಇದು ಹೇಗೆ ಸಾಧ್ಯ ಎಂಬ ಪ್ರಶ್ನೆಯ ಬೆನ್ನು ಹತ್ತಿದ ಮೇಲೆ ಈ ಅಡುಗೆ ನನಗೆ ತುಂಬ ಪ್ರಿಯವಾಯಿತು.

ಮೊದಲು ಮೊಟ್ಟೆಯ ಮಾತು. ಹಸಿ ಮೊಟ್ಟೆಯಲ್ಲಿ ಪ್ರೋಟೀನುಗಳು ನೂಲಿನ ಉಂಡೆಗಳಂತೆ ಸುತ್ತಿಕೊಂಡು ನೀರಿನಲ್ಲಿ ತೇಲುತ್ತಿರುತ್ತವೆ. ಕಾವು ಏರಿದಂತೆ ಉಂಡೆ ಬಿಚ್ಚಿಕೊಳ್ಳುತ್ತದೆ, ಬಿಚ್ಚಿದ ಎಳೆಗಳು ಒಂದಕ್ಕೊಂದು ತೊಡರಿಕೊಂಡು ಬಲೆಯಾಗುತ್ತವೆ, ನೀರು ಆ ಬಲೆಯ ಕಣ್ಣುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಮೊಟ್ಟೆ ಗಟ್ಟಿಯಾಯಿತು ಎಂದು ನಾವು ಹೇಳುವುದು ಇದಕ್ಕೇ. ಎಲ್ಲ ಪ್ರೋಟೀನುಗಳೂ ಒಟ್ಟಿಗೆ ಬಿಚ್ಚುವುದಿಲ್ಲ. ಬಿಳಿಯಲ್ಲಿರುವ ಓವೋಟ್ರಾನ್ಸ್‌ಫೆರಿನ್ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೇ ಶುರು ಮಾಡಿದರೆ, ಬಿಳಿಯ ಪ್ರೋಟೀನಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲಿರುವ ಓವಾಲ್ಬುಮಿನ್ 80 ಡಿಗ್ರಿವರೆಗೆ ಜಗ್ಗುವುದಿಲ್ಲ. ಹಳದಿ ಭಾಗ 65ಕ್ಕೆ ಮಂದವಾಗಿ 70ರ ಹೊತ್ತಿಗೆ ಗಟ್ಟಿಯಾಗುತ್ತದೆ. ಎರಡನ್ನೂ ಕಲಕಿದರೆ ಸುಮಾರು 73ಕ್ಕೆ ಹೆಪ್ಪುಗಟ್ಟುತ್ತದೆ. ಹಾಲು ಬೆರೆಸಿದಾಗ ಪ್ರೋಟೀನುಗಳ ನಡುವೆ ದೂರ ಹೆಚ್ಚುತ್ತದೆ, ಒಂದನ್ನೊಂದು ಹುಡುಕಿ ತೊಡರಿಕೊಳ್ಳಲು ಇನ್ನಷ್ಟು ಕಾವು ಬೇಕಾಗುತ್ತದೆ. ಹಾಲು ಹೆಚ್ಚಿದಂತೆ ಹೆಪ್ಪಿನ ಬಿಂದು 80ರ ಕಡೆಗೆ ಸರಿಯುವುದು ಇದರಿಂದ.

ಕೆಡುವುದು ಇದರಾಚೆಗೆ. ಕಾವು ಇನ್ನೂ ಏರಿದರೆ, ಅಥವಾ ಅಲ್ಲೇ ಗಂಟೆಗಟ್ಟಲೆ ನಿಂತರೆ, ಎಳೆಗಳು ಬಿಗಿಯುತ್ತಲೇ ಹೋಗಿ ಬಲೆ ಕುಗ್ಗುತ್ತದೆ, ಹಿಡಿದಿಟ್ಟ ನೀರನ್ನು ಹಿಂಡಿ ಹೊರಹಾಕುತ್ತದೆ. ಮೊಸರು ನೀರು ಬಿಡುವುದನ್ನು ಬಲ್ಲವರಿಗೆ ಇದು ಹೊಸತಲ್ಲ. ನನ್ನ ಚಮಚದಡಿ ಒಸರಿದ್ದು ಆ ನೀರೇ. ಹಸಿರು ಛಾಯೆಗೆ ಕಾರಣ ಬೇರೆ. ಹೊತ್ತು ಮೀರಿ ಬೆಂದಾಗ ಬಿಳಿಯ ಪ್ರೋಟೀನಿನಲ್ಲಿರುವ ಗಂಧಕ ಹೈಡ್ರೋಜನ್ ಸಲ್ಫೈಡ್ ಆಗಿ ಹೊರಬರುತ್ತದೆ, ಹಳದಿಯಲ್ಲಿರುವ ಕಬ್ಬಿಣದ ಜೊತೆ ಕೂಡಿ ಐರನ್ ಸಲ್ಫೈಡ್ ಆಗುತ್ತದೆ. ತಿಂದರೆ ಅಪಾಯವೇನಿಲ್ಲ, ಆದರೆ ತಟ್ಟೆಯಲ್ಲಿ ನೋಡಲು ಮನಸ್ಸಾಗುವುದಿಲ್ಲ. ಕಲಕುವಾಗ ಒಂದು ಚಮಚ ನಿಂಬೆರಸ ಹಾಕಿದರೆ ಹುಳಿ ಈ ಬಣ್ಣವನ್ನು ಬಹುಮಟ್ಟಿಗೆ ತಡೆಯುತ್ತದೆ.

ಇನ್ನು ಪಾತ್ರೆ. ಸ್ಲೋ ಕುಕ್ಕರಿನ ಒಳಗೆ ದಪ್ಪ ಪಿಂಗಾಣಿ ಪಾತ್ರೆ, ಅದರ ಸುತ್ತ ಲೋಹದ ಕವಚದಲ್ಲಿ ಕಾಯುವ ತಂತಿ. ಕಾವು ಬರುವುದು ಹೆಚ್ಚಾಗಿ ಪಕ್ಕಗಳಿಂದ, ಅದೂ ಒಂದೆರಡು ನೂರು ವಾಟ್ ಅಷ್ಟೇ. ‘ಲೋ’ ಎಂದರೆ ಕಡಿಮೆ ಉಷ್ಣತೆ ಎಂದೇ ನಾನೂ ತಿಳಿದಿದ್ದೆ. ಆದರೆ ಬಹಳಷ್ಟು ಮಾದರಿಗಳಲ್ಲಿ ‘ಲೋ’ ಇಟ್ಟರೂ ‘ಹೈ’ ಇಟ್ಟರೂ ಒಳಗಿನ ಅಡುಗೆ ಕೊನೆಗೆ ಮುಟ್ಟುವುದು ಕುದಿಯುವುದಕ್ಕೆ ಸ್ವಲ್ಪ ಕೆಳಗಿನ ಅದೇ ಮಟ್ಟವನ್ನು. ತಗಲುವ ಹೊತ್ತು ಮಾತ್ರ ಬೇರೆ. ಅಂದರೆ ಹತ್ತು ಗಂಟೆ ‘ಲೋ’ನಲ್ಲಿಟ್ಟ ಮೊಟ್ಟೆ 80ರಲ್ಲಿ ನಿಂತು ನಮಗಾಗಿ ಕಾಯುವುದಿಲ್ಲ, 90 ದಾಟಿ ಮುಂದೆ ಹೋಗಿಬಿಡುತ್ತದೆ.

ಸಾರು, ಹುಳಿಗೆ ಇದರಿಂದ ತೊಂದರೆಯಿಲ್ಲ. ಬಿಸಿಯಾದ ದ್ರವ ಮೇಲೇರಿ ತಣ್ಣಗಿನದು ಕೆಳಗಿಳಿದು ಪಾತ್ರೆಯೆಲ್ಲ ತಾನಾಗಿ ಸಮವಾಗುತ್ತದೆ. ಮೊಟ್ಟೆಯ ಮಿಶ್ರಣ ಅಂಚಿನಲ್ಲಿ ಗಟ್ಟಿಯಾದ ಕ್ಷಣವೇ ಈ ಓಡಾಟ ನಿಂತುಹೋಗುತ್ತದೆ. ಆಮೇಲೆ ಕಾವು ಒಂದು ಪದರದಿಂದ ಇನ್ನೊಂದು ಪದರಕ್ಕೆ ತೆವಳಿಕೊಂಡೇ ಸಾಗಬೇಕು. ಎರಡನೇ ಬಾರಿ ಮಾಡಿದಾಗ ಥರ್ಮಾಮೀಟರ್ ಚುಚ್ಚಿ ನೋಡಿದೆ. ಅಂಚಿನಲ್ಲಿ ಗುಳ್ಳೆ ಏಳುತ್ತಿದ್ದರೂ ನಟ್ಟನಡುವೆ ಇನ್ನೂ 60 ಮುಟ್ಟಿರಲಿಲ್ಲ.

ಈ ಯಂತ್ರ ಹುಟ್ಟಿದ್ದು ಮೊಟ್ಟೆಗಾಗಿ ಅಲ್ಲವೇ ಅಲ್ಲ. ಅಮೆರಿಕದ ಇರ್ವಿಂಗ್ ನ್ಯಾಕ್ಸನ್ ಇದಕ್ಕೆ ಪೇಟೆಂಟ್ ಪಡೆದದ್ದು 1940ರಲ್ಲಿ. ಸಂಪ್ರದಾಯಸ್ಥ ಯಹೂದ್ಯರು ಸಬ್ಬತ್ ಎಂಬ ಶನಿವಾರದ ವಿಶ್ರಾಂತಿ ದಿನ ಒಲೆ ಹಚ್ಚುವುದಿಲ್ಲ. ಹಾಗಾಗಿ ಶುಕ್ರವಾರ ಸಂಜೆಯೇ ಕಾಳು, ಮಾಂಸ, ತರಕಾರಿಯ ‘ಚೋಲೆಂಟ್’ ಎಂಬ ಅಡುಗೆಯನ್ನು ಬೇಕರಿಯವನ ಆರುತ್ತಿರುವ ಒಲೆಯಲ್ಲಿಟ್ಟು ಮರುದಿನ ತರುತ್ತಿದ್ದರು. ಲಿಥುವೇನಿಯಾದಲ್ಲಿ ಹೀಗೆ ಮಾಡುತ್ತಿದ್ದೆವೆಂದು ತಾಯಿ ಹೇಳಿದ್ದ ಕಥೆಯೇ ನ್ಯಾಕ್ಸನ್‌ಗೆ ಪ್ರೇರಣೆ. ಆತ ತನ್ನ ಯಂತ್ರವನ್ನು ‘ಬೀನರಿ’ ಎಂದು ಮಾರಿದ, ಎಂದರೆ ಕಾಳು ಬೇಯಿಸುವ ಪಾತ್ರೆ. 1970ರಲ್ಲಿ ರೈವಲ್ ಕಂಪನಿ ಅದನ್ನು ಕೊಂಡು, ಮರುವರ್ಷ ‘ಕ್ರಾಕ್ ಪಾಟ್’ ಹೆಸರಿನಲ್ಲಿ ಮನೆಮನೆಗೆ ಮುಟ್ಟಿಸಿತು. ಕಾಳಿನ ಮಾತು ಬಂದದ್ದರಿಂದ ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗಲಾರೆ. ನೆನೆಸಿದ ರಾಜ್ಮಾವನ್ನು ನೇರವಾಗಿ ಸ್ಲೋ ಕುಕ್ಕರಿಗೆ ಹಾಕಬೇಡಿ. ಅದರಲ್ಲಿರುವ ಲೆಕ್ಟಿನ್ ಎಂಬ ವಿಷಾಂಶ ಮಂದ ಕಾವಿಗೆ ನಾಶವಾಗುವುದಿಲ್ಲ, ವಾಂತಿ ಭೇದಿ ತರುತ್ತದೆ. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಚೆನ್ನಾಗಿ ಕುದಿಸಿಯೇ ಹಾಕಬೇಕು.

ಆಲೂಗಡ್ಡೆಯ ಸ್ವಭಾವ ಮೊಟ್ಟೆಗೆ ತದ್ವಿರುದ್ಧ. ಅದರ ಪಿಷ್ಟ 60ರ ಆಸುಪಾಸಿನಲ್ಲೇ ಉಬ್ಬತೊಡಗುತ್ತದೆ, ಆದರೆ ಜೀವಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಕರಗಲು 85 ದಾಟಬೇಕು. ಅಷ್ಟೇ ಆಗಿದ್ದರೆ ಹೊತ್ತು ಹೆಚ್ಚಿಸಿದರೆ ಸಾಕಿತ್ತು. ನನ್ನನ್ನು ಬೆರಗುಗೊಳಿಸಿದ್ದು ಇನ್ನೊಂದು ಸಂಗತಿ. 55ರಿಂದ 70 ಡಿಗ್ರಿ ನಡುವೆ ಆಲೂಗಡ್ಡೆಯೊಳಗಿನ ಒಂದು ಕಿಣ್ವ ಎಚ್ಚೆತ್ತು ಪೆಕ್ಟಿನ್‌ನ ರಚನೆಯನ್ನೇ ಮಾರ್ಪಡಿಸುತ್ತದೆ. ಹಾಗೆ ಬದಲಾದ ಪೆಕ್ಟಿನ್ ಕ್ಯಾಲ್ಸಿಯಂ ಹಿಡಿದುಕೊಂಡು ಇನ್ನಷ್ಟು ಗಟ್ಟಿಯಾಗುತ್ತದೆ. ಈ ಹಂತವನ್ನು ನಿಧಾನವಾಗಿ ದಾಟಿದ ಆಲೂಗಡ್ಡೆ ಆಮೇಲೆ ಎಷ್ಟು ಕಾಯಿಸಿದರೂ ಸುಲಭಕ್ಕೆ ಮೆತ್ತಗಾಗದು. ಒಲೆಯ ಮೇಲೆ ಕೆಲವು ನಿಮಿಷಗಳಲ್ಲಿ ದಾಟಿಹೋಗುವ ಹಂತವನ್ನು ಸ್ಲೋ ಕುಕ್ಕರ್ ಒಂದೆರಡು ಗಂಟೆ ಎಳೆಯುತ್ತದೆ. ನನ್ನ ಕ್ಯಾಸರೋಲಿನಲ್ಲಿ ಕರುಂ ಎಂದ ಎಳೆಗಳ ಗುಟ್ಟು ಇಲ್ಲಿತ್ತು.

ಅಂಗಡಿಯ ಹ್ಯಾಶ್ ಬ್ರೌನ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಮಂಜುಗಡ್ಡೆಯಂತೆ ಹೆಪ್ಪುಗಟ್ಟಿಸುವ ಮೊದಲು ಕಾರ್ಖಾನೆಯಲ್ಲಿ ಅದನ್ನು ಬಿಸಿನೀರಿನಲ್ಲೋ ಹಬೆಯಲ್ಲೋ ಹಾಯಿಸಿರುತ್ತಾರೆ. ಕಿಣ್ವ ಆಗಲೇ ಸತ್ತಿರುತ್ತದೆ, ಆಲೂಗಡ್ಡೆ ಅರ್ಧ ಬೆಂದಿರುತ್ತದೆ. ಪ್ಯಾಕೆಟ್ ಬೇಡವಾದರೆ ಆಲೂಗಡ್ಡೆಯನ್ನು ಮೊದಲೇ ಬೇಯಿಸಿ, ಆರಿಸಿ ತುರಿದುಕೊಂಡರೂ ಆಯಿತು. ಪಾತ್ರೆಯಲ್ಲಿ ಬೇಯಬೇಕಾದದ್ದು ಮೊಟ್ಟೆಯೊಂದೇ ಎನ್ನುವಂತೆ ಉಳಿದದ್ದನ್ನೆಲ್ಲ ಮೊದಲೇ ಅಣಿ ಮಾಡಿಕೊಳ್ಳುವುದರಲ್ಲೇ ಈ ಅಡುಗೆಯ ಜಾಣ್ಮೆ ಇದೆ ಎಂದು ನನಗನ್ನಿಸುತ್ತದೆ. ಈರುಳ್ಳಿ, ದಪ್ಪ ಮೆಣಸಿನಕಾಯಿಯನ್ನೂ ಬಾಣಲೆಯಲ್ಲಿ ಬಾಡಿಸಿಯೇ ಹಾಕುತ್ತೇನೆ. ಅವುಗಳ ನೀರು ಅಲ್ಲೇ ಹೋಗಿಬಿಡುತ್ತದೆ.

ನೀರು ಹೋಗುವುದು ಮುಖ್ಯ, ಯಾಕೆಂದರೆ ಈ ಪಾತ್ರೆಯಿಂದ ಹಬೆ ತಪ್ಪಿಸಿಕೊಳ್ಳುವುದು ತೀರಾ ಕಡಿಮೆ. ಮುಚ್ಚಳಕ್ಕೆ ತಾಗಿ ಹನಿಯಾಗಿ ಮತ್ತೆ ಮೊಟ್ಟೆಯ ಮೇಲೇ ಬೀಳುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳಕ್ಕೆ ಬಟ್ಟೆ ಕಟ್ಟುವವರಿಗೆ ಉಪಾಯ ಗೊತ್ತಿದೆ. ಮುಚ್ಚಳದ ಕೆಳಗೆ ಒಂದು ಶುಭ್ರ ಹತ್ತಿ ಬಟ್ಟೆ ಬಿಗಿಯಾಗಿ ಹಾಸಿ, ತುದಿಗಳನ್ನು ಮೇಲಕ್ಕೆ ಮಡಚಿಡಿ.

ಅಂಚು ಕಂದುವುದು ಮಾತ್ರ ಕೆಡುಕಲ್ಲ. ಸಕ್ಕರೆ, ಪ್ರೋಟೀನು ಕೂಡಿ ಕಂದು ಬಣ್ಣ, ಘಮ ಹುಟ್ಟುವ ಮೈಲಾರ್ಡ್ ಕ್ರಿಯೆ ಬಾಣಲೆಯಲ್ಲಿ 140 ಡಿಗ್ರಿ ದಾಟಿದ ಮೇಲೆ ಚುರುಕಾಗುತ್ತದೆ. ಸ್ಲೋ ಕುಕ್ಕರಿನೊಳಗೆ ಅಷ್ಟು ಕಾವಿಲ್ಲ, ಆದರೆ ಹೊತ್ತು ಬೇಕಾದಷ್ಟಿದೆ. ಉತ್ತರ ಕರ್ನಾಟಕದ ನಮ್ಮ ಅಜ್ಜಿ ಹಾಲಿನ ಗಡಿಗೆಯನ್ನು ಕುಳ್ಳಿನ ಕೆಂಡದ ಮೇಲೆ ಇಡೀ ಮಧ್ಯಾಹ್ನ ಇಡುತ್ತಿದ್ದಳು. ಕುದಿಯದ ಆ ಹಾಲು ಸಂಜೆಗೆ ಕೆಂಪಡರಿ, ರೊಟ್ಟಿಯಷ್ಟು ದಪ್ಪ ಕೆನೆ ಕಟ್ಟಿರುತ್ತಿತ್ತು. ಅದೂ ಮೈಲಾರ್ಡ್ ಕ್ರಿಯೆಯೇ, ನೂರು ಡಿಗ್ರಿಯ ಕೆಳಗೆ ನಿಧಾನವಾಗಿ ನಡೆದದ್ದು. ಹಾಲು, ಚೀಸ್ ಇರುವ ನನ್ನ ಕ್ಯಾಸರೋಲಿನ ಅಂಚಿನಲ್ಲೂ ಅದೇ ಕೆಂಪು, ಬಹುಮಟ್ಟಿಗೆ ಅದೇ ವಾಸನೆ. ಮನೆಯಲ್ಲಿ ಆ ಅಂಚಿನ ತುಂಡಿಗೆ ಈಗ ಪೈಪೋಟಿ ಇದೆ.

ಉಳಿದದ್ದು ರಾತ್ರಿಯ ಲೆಕ್ಕ. ನಿದ್ದೆಗೆ ಎಂಟು ಗಂಟೆ, ಮೊಟ್ಟೆಗೆ ಐದಾರು. ಈ ಅಂತರ ತುಂಬಲು ಕೆಲವರು ಪ್ಲಗ್ಗಿಗೆ ಟೈಮರ್ ಹಾಕಿ ನಡುರಾತ್ರಿ ತಾನಾಗಿ ಶುರುವಾಗುವಂತೆ ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. 4ರಿಂದ 60 ಡಿಗ್ರಿ ನಡುವೆ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಬೇಗ ಬೇಗ ಇಮ್ಮಡಿಸುತ್ತದೆ. ಅಡುಗೆ ಅಲ್ಲಿ ಎರಡು ಗಂಟೆಗಿಂತ ಹೆಚ್ಚು ಇರಬಾರದೆಂದು ಅಮೆರಿಕದ ಕೃಷಿ ಇಲಾಖೆ ಹೇಳುತ್ತದೆ. ಒಡೆದ ಮೊಟ್ಟೆ, ಹಾಲನ್ನು ಬೆಚ್ಚಗಿನ ಅಡುಗೆಮನೆಯಲ್ಲಿ ಗಂಟೆಗಟ್ಟಲೆ ಬಿಡುವಂತಿಲ್ಲ. ಅಂತರವನ್ನು ಕೊನೆಯಲ್ಲಿ ತುಂಬಬೇಕು, ಮೊದಲಲ್ಲಿ ಅಲ್ಲ.

ನಾನು ಮಾಡುವುದು ಹೀಗೆ. ಸಂಜೆಯೇ ಮೊಟ್ಟೆ ಕಲಕಿ ಒಂದು ಡಬ್ಬಿಯಲ್ಲಿ, ಬಾಡಿಸಿದ ತರಕಾರಿಯನ್ನು ಇನ್ನೊಂದರಲ್ಲಿ ಫ್ರಿಜ್ಜಿನಲ್ಲಿಡುತ್ತೇನೆ. ಹ್ಯಾಶ್ ಬ್ರೌನ್ ಕೂಡ ಫ್ರಿಜ್ಜಿನಲ್ಲೇ ಕರಗುತ್ತಿರುತ್ತದೆ. ಮಂಜುಗಡ್ಡೆಯಾಗಿಯೇ ಹಾಕಿದರೆ ನಡುಭಾಗ ಬಿಸಿಯಾಗುವುದು ತೀರಾ ತಡ. ಪಿಂಗಾಣಿ ಪಾತ್ರೆಯನ್ನು ಫ್ರಿಜ್ಜಿನಲ್ಲಿ ಇಡುವುದಿಲ್ಲ, ತಣ್ಣಗಿದ್ದದ್ದು ಥಟ್ಟನೆ ಕಾದರೆ ಬಿರುಕು ಬಿಡಬಹುದು. ಹನ್ನೊಂದಕ್ಕೆ ಪಾತ್ರೆಗೆ ಧಾರಾಳವಾಗಿ ಬೆಣ್ಣೆ ಸವರಿ ಎಲ್ಲ ಸುರಿದು ಮೊದಲ ಗಂಟೆ ‘ಹೈ’. ಅಷ್ಟರಲ್ಲಿ ರಾತ್ರಿಯ ಪಾತ್ರೆಗಳನ್ನು ತೊಳೆದು ಮುಗಿಸಿರುತ್ತೇವೆ. ಹನ್ನೆರಡಕ್ಕೆ ‘ಲೋ’, ನಾಲ್ಕೂವರೆ ಗಂಟೆ. ಅದು ಮುಗಿದಾಗ ಕುಕ್ಕರ್ ತಾನಾಗಿಯೇ ಅಡುಗೆಯನ್ನು ಬಿಸಿಯಾಗಿ ಮಾತ್ರ ಇಡುವ ‘ವಾರ್ಮ್’ಗೆ ಹೋಗುತ್ತದೆ. ಅಲ್ಲಿ ಕಾವು 60ರ ಮೇಲೆ, ಆದರೆ ಹೆಪ್ಪಿನ ಬಿಂದುವಿನಿಂದ ದೂರವೇನಲ್ಲ. ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ, ಬಲೆಯೂ ಹೆಚ್ಚೇನೂ ಬಿಗಿಯುವುದಿಲ್ಲ. ನಡುವೆ ಮುಚ್ಚಳ ಎತ್ತುವಂತಿಲ್ಲ, ಒಮ್ಮೆ ಎತ್ತಿದರೆ ಕಳೆದ ಕಾವು ಮರಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು.

ಕಳೆದ ಡಿಸೆಂಬರಿನಲ್ಲಿ ಏಳೂವರೆಗೆ ಮುಚ್ಚಳ ತೆಗೆದಾಗ ಬಟ್ಟೆ ಒದ್ದೆಯಾಗಿತ್ತು, ಮೊಟ್ಟೆಯ ಮೇಲೆ ಒಂದು ಹನಿಯೂ ಇರಲಿಲ್ಲ. ನಡುವೆ ಚುಚ್ಚಿದ ಥರ್ಮಾಮೀಟರ್ 74 ತೋರಿಸಿತು. ಮೊಟ್ಟೆಯ ಅಡುಗೆಗೆ ಸಾಕೆನ್ನುವ 71ಕ್ಕಿಂತ ಮೂರು ಹೆಚ್ಚು. ಚಾಕು ಇಳಿಸಿ ಎತ್ತಿದರೆ ಅಲಗಿಗೆ ಏನೂ ಅಂಟಿರಲಿಲ್ಲ. ಅಕ್ಕ ಅಂಚಿನ ಕೆಂಪು ತುಂಡನ್ನು ಮೊದಲು ತೆಗೆದುಕೊಂಡು, ಊರಿಂದ ಬಂದಿದ್ದ ಶೇಂಗಾ ಚಟ್ನಿಪುಡಿಯ ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡಳು.